ಕಾಲೇಜಿನ ಹೆಸರು ಎಲ್ಲಿ ಕೇಳುತ್ತಾರೆ, ಎಲ್ಲಿ ಕೇಳುವುದಿಲ್ಲ

ಸೆಕೆಂಡ್ ಪಿಯು ವಿದ್ಯಾರ್ಥಿಗಳು ಮತ್ತು ಪೋಷಕರಿಗಾಗಿ ಶಿವಮೊಗ್ಗದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ.

ಲಾ ಓದಬೇಕು ಅಂತ ಇರುವವರು ಕೈ ಎತ್ತಿ ಅಂದೆ. ಸುಮಾರು ಕೈ ಮೇಲೆ ಬಂದವು. ಫೈನಾನ್ಸ್ ಅಂದೆ. ಇನ್ನೂ ಜಾಸ್ತಿ ಬಂದವು. ಎರಡಕ್ಕೂ ಕೈ ಎತ್ತಿದವರೂ ಇದ್ದೀರಿ. ಪಕ್ಕದಲ್ಲಿ ಕೂತ ಅಪ್ಪಂದಿರು ನಿಮ್ಮನ್ನು ತಿರುಗಿ ನೋಡಿದ್ದೂ ನನಗೆ ಕಾಣಿಸಿತು. ಅಪ್ಪಂದಿರೇ, ಗಾಬರಿ ಬೇಡ. ಇನ್ಫೋಸಿಸ್‌ನಲ್ಲಿ ಹಣಕಾಸು ಮುಖ್ಯಸ್ಥರಾಗಿದ್ದ ಟಿ.ವಿ. ಮೋಹನದಾಸ್ ಪೈ ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಮರ್ಸ್ ಕಾಲೇಜಿನಲ್ಲಿ ಬಿಕಾಂ ಓದಿದವರು. ಬೆಂಗಳೂರು ವಿಶ್ವವಿದ್ಯಾಲಯದ ಎಲ್‌ಎಲ್‌ಬಿ ಇದೆ, ಸಿಎ ಕೂಡ ಆಗಿದ್ದಾರೆ. ನಾನೂ ತೆರಿಗೆ ಕೇಸುಗಳ ವಕೀಲ. ಬೆಳಿಗ್ಗೆ ಕಾಯ್ದೆ ಓದುತ್ತೇನೆ, ಮಧ್ಯಾಹ್ನ ಬ್ಯಾಲೆನ್ಸ್ ಶೀಟ್ ಓದುತ್ತೇನೆ. ಈ ಎರಡು ದಾರಿ ಬೇಕಾದಷ್ಟು ಕಡೆ ಕೂಡುತ್ತವೆ.

ನನ್ನ ಹತ್ತಿರ ಬರುವ ಮಕ್ಕಳೆಲ್ಲ ಕೇಳುವುದು ಒಂದೇ. ಸರ್, ಯಾವ ಕಾಲೇಜು ಬೆಸ್ಟ್? ನಾನು ತಿರುಗಿ ಕೇಳುತ್ತೇನೆ. ಓದು ಮುಗಿದ ಮೇಲೆ ಕೆಲಸ ಕೇಳಿಕೊಂಡು ಯಾರ ಬಾಗಿಲಿಗೆ ಹೋಗುತ್ತೀರಿ? ಕೆಲವು ಬಾಗಿಲುಗಳಲ್ಲಿ ಮೊದಲು ಕೇಳುವುದೇ ಕಾಲೇಜಿನ ಹೆಸರು. ಕೆಲವು ಬಾಗಿಲುಗಳಲ್ಲಿ ಕೊನೆಯವರೆಗೂ ಕೇಳುವುದಿಲ್ಲ. ಯಾವುದು ಯಾವ ಬಾಗಿಲು ಅಂತ ತಿಳಿಯದೆ ರ‍್ಯಾಂಕಿಂಗ್ ಪಟ್ಟಿ ನೋಡಿ ಏನು ಮಾಡುತ್ತೀರಿ?

ಮೊದಲು ಕೋರ್ಟಿನ ಬಾಗಿಲು ನೋಡೋಣ. ಇಲ್ಲೇ ನಮ್ಮ ಜಿಲ್ಲಾ ನ್ಯಾಯಾಲಯಕ್ಕೆ ಹೋಗಿ. ಹೊಸ ವಕೀಲರನ್ನು ಕಕ್ಷಿದಾರರು ಏನು ಕೇಳುತ್ತಾರೆ? ಫೀಸ್ ಎಷ್ಟು, ವಾಯಿದೆ ದಿನ ನೀವೇ ಬರ್ತೀರಾ, ಮುಂಚೆ ಇಂಥ ಕೇಸ್ ನಡೆಸಿದ್ದೀರಾ. ಎಲ್ಲಿ ಓದಿದಿರಿ ಅಂತ ಕೇಳಿದ ಕಕ್ಷಿದಾರರನ್ನು ನಾನು ನೋಡಿಲ್ಲ. ನ್ಯಾಯಾಧೀಶರೂ ಅಷ್ಟೇ. ಫೈಲ್ ಓದಿಕೊಂಡು ಬಂದಿದ್ದೀರಾ ಇಲ್ಲವಾ ಅನ್ನುವುದು ಎರಡು ನಿಮಿಷದಲ್ಲಿ ಅವರಿಗೆ ಗೊತ್ತಾಗುತ್ತದೆ. 1993ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದ ಎಂ.ಎನ್. ವೆಂಕಟಾಚಲಯ್ಯನವರು ಮೈಸೂರು ವಿಶ್ವವಿದ್ಯಾಲಯದ ಬಿಎಸ್ಸಿ ಪದವೀಧರರು. ಕಾನೂನು ಓದಿದ್ದು ಬೆಂಗಳೂರಿನ ಸರ್ಕಾರಿ ಕಾನೂನು ಕಾಲೇಜಿನಲ್ಲಿ. ಅದು ಹಳೆಯ ಕಾಲ, ಆಗ ಬೇರೆ ಕಾಲೇಜು ಎಲ್ಲಿದ್ದವು ಅನ್ನಬಹುದು. ಸರಿ. ಆದರೆ ಇವತ್ತಿಗೂ ನಮ್ಮ ತಾಲ್ಲೂಕು, ಜಿಲ್ಲಾ ಕೋರ್ಟುಗಳಲ್ಲಿ ಹೆಸರು ಮಾಡಿರುವ ವಕೀಲರಲ್ಲಿ ಹೆಚ್ಚಿನವರು ಇಂಥ ಸಾಮಾನ್ಯ ಕಾಲೇಜುಗಳಿಂದಲೇ ಬಂದವರು.

ಹುಬ್ಬಳ್ಳಿಯಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಶುರುವಾಗಿದ್ದು 2009ರಲ್ಲಿ. ರಾಜ್ಯದ ಬಹುತೇಕ ಕಾನೂನು ಕಾಲೇಜುಗಳು ಅದರ ಕೆಳಗೆ ಬರುತ್ತವೆ. ಅಲ್ಲಿ ಉತ್ತರವನ್ನು ಪೂರ್ತಿ ಕನ್ನಡದಲ್ಲಿ ಬರೆಯಬಹುದು. ಸುಮ್ನೆ ಒಂದು ರಿಯಾಯಿತಿ ಅಂದುಕೊಳ್ಳಬೇಡಿ. ಕೆಳಗಿನ ಕೋರ್ಟುಗಳಲ್ಲಿ ಸಾಕ್ಷಿ ಮಾತಾಡುವುದು ಕನ್ನಡದಲ್ಲಿ. ಪಾಟೀಸವಾಲು ಮಾಡುವುದೂ ಕನ್ನಡದಲ್ಲಿ. ಒಬ್ಬ ರೈತ ಪಹಣಿ, ಪೋಡಿ, ಮ್ಯುಟೇಷನ್ ಅಂತ ತನ್ನ ಜಮೀನಿನ ತಕರಾರು ಹೇಳುವಾಗ ಅದು ಅರ್ಥವಾಗದ ದೊಡ್ಡ ಕಾಲೇಜಿನ ಹುಡುಗ ಅಲ್ಲಿ ಏನು ಮಾಡುತ್ತಾನೆ? ಹೈಕೋರ್ಟಿಗೆ ಬಂದರೆ ಇಂಗ್ಲಿಷ್ ಬೇಕೇ ಬೇಕು. ಧಾರವಾಡ, ಕಲಬುರಗಿ ಪೀಠಗಳಲ್ಲೂ ಅಷ್ಟೇ. ಹಾಗಾಗಿ ಕೋರ್ಟಿನ ವಕೀಲಿಕೆಯೇ ಬೇಕು ಅನ್ನುವವರಿಗೆ ಕಾಲೇಜಿಗಿಂತ ಮುಖ್ಯ ಪ್ರಶ್ನೆ, ಯಾವ ಸೀನಿಯರ್ ಹತ್ತಿರ ಸೇರುತ್ತೀರಿ ಅನ್ನುವುದು. ಒಳ್ಳೆಯ ಸೀನಿಯರ್ ಆಫೀಸಿನಲ್ಲಿ ಕಳೆದ ಮೂರು ವರ್ಷ ಯಾವ ಕಾಲೇಜಿನ ಐದು ವರ್ಷಕ್ಕೂ ಕಮ್ಮಿ ಇಲ್ಲ ಅಂತ ನನ್ನ ಅಭಿಪ್ರಾಯ.

ಕಷ್ಟ ಇರುವುದು ಆ ಮೂರು ವರ್ಷದ ಊಟದ ಖರ್ಚಿನಲ್ಲಿ. ಜೂನಿಯರ್‌ಗಳಿಗೆ ನಗರಗಳಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಅಂತ ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಸುತ್ತೋಲೆ ಹೊರಡಿಸಿತು. ಅದು ಶಿಫಾರಸು ಮಾತ್ರ, ಕಡ್ಡಾಯ ಅಲ್ಲ. ಪರಿಶಿಷ್ಟರಿಗೆ ಸಮಾಜ ಕಲ್ಯಾಣ ಇಲಾಖೆಯಿಂದ, ಹಿಂದುಳಿದ ವರ್ಗದವರಿಗೆ ಅವರ ಇಲಾಖೆಯಿಂದ ಹೊಸ ಕಾನೂನು ಪದವೀಧರರಿಗೆ ತರಬೇತಿ ಭತ್ಯೆ ಇದೆ. ಕೇಳಿ ತೆಗೆದುಕೊಳ್ಳಿ, ನಾಚಿಕೆ ಬೇಡ. ಇನ್ನೊಂದು ಒಳ್ಳೆಯ ಸುದ್ದಿ. ವಕೀಲಿಕೆ ಮಾಡಲು ಬೇಕಾದ ಸನ್ನದು ಪಡೆಯಲು ಒಂದೊಂದು ರಾಜ್ಯದಲ್ಲಿ ಹತ್ತಾರು ಸಾವಿರ ಕೀಳುತ್ತಿದ್ದರು. ಕಾಯ್ದೆಯಲ್ಲಿ ಹೇಳಿರುವ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ, ಅದಕ್ಕಿಂತ ಹೆಚ್ಚು ನೋಂದಣಿ ಶುಲ್ಕ ಕೇಳುವ ಹಾಗಿಲ್ಲ ಅಂತ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಜಡ್ಜ್ ಆಗಬೇಕು ಅನ್ನುವವರು ಇಲ್ಲಿ ಕಿವಿಗೊಡಿ. ಲಾ ಮುಗಿಸಿ ನೇರ ಸಿವಿಲ್ ಜಡ್ಜ್ ಪರೀಕ್ಷೆ ಬರೆಯುತ್ತೇನೆ ಅಂತ ಲೆಕ್ಕ ಹಾಕಿದ್ದರೆ ಆ ಲೆಕ್ಕ ಬದಲಾಗಿದೆ. ಕನಿಷ್ಠ ಮೂರು ವರ್ಷ ವಕೀಲಿಕೆ ಮಾಡಿರಬೇಕು ಅನ್ನುವ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಮತ್ತೆ ತಂದಿದೆ. ಐದು ವರ್ಷದ ಲಾ, ಆಮೇಲೆ ಮೂರು ವರ್ಷ. ಎಂಟು ವರ್ಷಕ್ಕೆ ಮನೆಯವರು ತಯಾರಿದ್ದಾರಾ ಅಂತ ಇವತ್ತೇ ಕೂತು ಮಾತಾಡಿ.

ಎರಡನೆಯ ಬಾಗಿಲು ದೊಡ್ಡ ಲಾ ಫರ್ಮ್‌ಗಳದ್ದು. ಸಿರಿಲ್ ಅಮರ್‌ಚಂದ್, ಶಾರ್ದೂಲ್ ಅಮರ್‌ಚಂದ್, ಖೇತಾನ್, ಎಜೆಡ್‌ಬಿ, ಟ್ರೈಲೀಗಲ್. ಒಂದು ಕಂಪನಿ ಇನ್ನೊಂದನ್ನು ಕೊಂಡರೆ, ಮೊದಲ ಸಲ ಜನರಿಗೆ ಷೇರು ಮಾರುವ ಐಪಿಒ ಬಂದರೆ, ಸಾಲ ತೀರಿಸಲಾಗದೆ ಕಂಪನಿ ದಿವಾಳಿಯಾದರೆ ಇವರಿಗೆ ಕೆಲಸ. ಇಲ್ಲಿ ಕಾಲೇಜಿನ ಹೆಸರು ಕೇಳುತ್ತಾರೆ, ಜೋರಾಗಿಯೇ ಕೇಳುತ್ತಾರೆ. ಮುಂಚೂಣಿಯ ನಾಲ್ಕಾರು ರಾಷ್ಟ್ರೀಯ ಕಾನೂನು ಶಾಲೆಗಳಿಗೆ ಇವರೇ ಹುಡುಕಿಕೊಂಡು ಹೋಗುತ್ತಾರೆ. ನಾಲ್ಕನೇ ವರ್ಷದ ಹೊತ್ತಿಗೆ, ಕೆಲವರಿಗೆ ಅದಕ್ಕೂ ಮುಂಚೆ, ಕೆಲಸ ಗಟ್ಟಿಯಾಗಿರುತ್ತದೆ. ಉಳಿದ ಕಾಲೇಜಿನವರಿಗೆ ಬಾಗಿಲು ಮುಚ್ಚಿದೆ ಅಂತ ಅಲ್ಲ, ಅವರು ಇಂಟರ್ನ್‌ಶಿಪ್ ಮೂಲಕ ಒಳಗೆ ಬರಬೇಕು. ಐದು ವರ್ಷದ ಕೋರ್ಸಿನಲ್ಲಿ ಕನಿಷ್ಠ 20 ವಾರ, ಪದವಿ ಆದ ಮೇಲೆ ಮಾಡುವ ಮೂರು ವರ್ಷದ್ದರಲ್ಲಿ 12 ವಾರ ಇಂಟರ್ನ್‌ಶಿಪ್ ಮಾಡಲೇಬೇಕು ಅಂತ ನಿಯಮವೇ ಇದೆ. ಬಹಳ ಮಕ್ಕಳು ಪರಿಚಯದ ವಕೀಲರಿಂದ ಸರ್ಟಿಫಿಕೇಟ್ ಬರೆಸಿಕೊಂಡು ಆ ವಾರಗಳನ್ನು ಮುಗಿಸುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲೇ. ಸಣ್ಣ ಕಾಲೇಜಿನ ಹುಡುಗನಿಗೆ ಇರುವ ಒಂದೇ ಏಣಿ ಅದು. ಅದನ್ನು ಅವನೇ ಒದೆಯುತ್ತಾನೆ.

ಬೆಂಗಳೂರಿನ ನಾಗರಬಾವಿಯಲ್ಲಿರುವ ನ್ಯಾಷನಲ್ ಲಾ ಸ್ಕೂಲ್ ನಮ್ಮ ರಾಜ್ಯದ 1986ರ ಕಾಯ್ದೆಯಿಂದ ಹುಟ್ಟಿದ್ದು. ಎನ್.ಆರ್. ಮಾಧವ ಮೆನನ್ ಅದರ ಮೊದಲ ನಿರ್ದೇಶಕರು. ಐದು ವರ್ಷದ ಲಾ ಓದು ದೇಶದಲ್ಲಿ ಬೇರು ಬಿಟ್ಟಿದ್ದು ಅಲ್ಲಿಂದಲೇ ಅನ್ನಬಹುದು. ಇಲ್ಲಿಗೆ ಸೇರಲು ಕ್ಲಾಟ್ ಬರೆಯಬೇಕು. 2008ರಿಂದ ಇರುವ, ರಾಷ್ಟ್ರೀಯ ಕಾನೂನು ಶಾಲೆಗಳ ಪ್ರವೇಶ ಪರೀಕ್ಷೆ ಅದು. ಈಗ 120 ಪ್ರಶ್ನೆ, ಎರಡು ಗಂಟೆ, ಒಂದು ತಪ್ಪಿಗೆ ಕಾಲು ಅಂಕ ಕಟ್. ಕಾಯ್ದೆ ಬಾಯಿಪಾಠ ಬೇಡ. ಉದ್ದುದ್ದ ಇಂಗ್ಲಿಷ್ ಭಾಗಗಳನ್ನು ಬೇಗ ಓದಿ ತರ್ಕ ಮಾಡುವುದು ಬೇಕು. ಪರೀಕ್ಷೆ ನಡೆಯುವುದು ಈಚೆಗೆ ಡಿಸೆಂಬರ್‌ನಲ್ಲಿ. ಅಂದರೆ ನಿಮ್ಮ ಪಿಯು ಪರೀಕ್ಷೆಗಿಂತ ಮೊದಲು. ಪಿಯು ಮುಗಿಯಲಿ ನೋಡೋಣ ಅಂದವರಿಗೆ ಆ ವರ್ಷ ಹೋಯಿತು ಅಂತಲೇ ಅರ್ಥ. ದೆಹಲಿಯ ಕಾನೂನು ವಿಶ್ವವಿದ್ಯಾಲಯ ಮಾತ್ರ ಕ್ಲಾಟ್ ಒಳಗಿಲ್ಲ, ಅದಕ್ಕೆ ಐಲೆಟ್ ಅಂತ ಬೇರೆ ಪರೀಕ್ಷೆ.

ನಮ್ಮವರಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ವಿಷಯ ಒಂದಿದೆ. ಲಾ ಸ್ಕೂಲಿನಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ 25ರಷ್ಟು ಮೀಸಲಾತಿ ಇದೆ. ಇದಕ್ಕಾಗಿ ರಾಜ್ಯ ಸರ್ಕಾರ 2020ರಲ್ಲಿ ತಂದ ತಿದ್ದುಪಡಿಯನ್ನು ಹೈಕೋರ್ಟ್ ರದ್ದು ಮಾಡಿತ್ತು. ಮಾರನೇ ವರ್ಷ ಶಾಲೆಯೇ ತನ್ನ ಯೋಜನೆಯಲ್ಲಿ ಅದನ್ನು ಸೇರಿಸಿಕೊಂಡಿತು. ಇಲ್ಲಿ ಹುಟ್ಟಿರುವುದು ಸಾಲದು, ಹತ್ತು ವರ್ಷ ಕರ್ನಾಟಕದ ಶಾಲೆ ಕಾಲೇಜುಗಳಲ್ಲಿ ಓದಿರಬೇಕು. ನಿಮ್ಮಲ್ಲಿ ಮುಕ್ಕಾಲು ಪಾಲು ಜನಕ್ಕೆ ಅದು ಅನ್ವಯಿಸುತ್ತದೆ. ಅರ್ಜಿ ತುಂಬುವಾಗಲೇ ಗಮನಿಸಿ. ಅರ್ಜಿ ಶುಲ್ಕ 4,000 ರೂಪಾಯಿ, ಅದೂ ಒಂದು ತಡೆಯೇ. ಹಣವಿಲ್ಲದ ಮನೆಯ ಜಾಣ ಮಕ್ಕಳಿಗೆ ತರಬೇತಿ ಕೊಟ್ಟು ಈ ಶಾಲೆಗಳಿಗೆ ಸೇರಿಸುವ ಇಡಿಯಾ ಅನ್ನುವ ಸಂಸ್ಥೆ ಇದೆ. ಅದೇ ಲಾ ಸ್ಕೂಲಿನಲ್ಲಿ ಓದಿದ ಶಮ್ನಾದ್ ಬಶೀರ್ 2010ರಲ್ಲಿ ಕಟ್ಟಿದ್ದು. ನಿಮ್ಮ ಕಾಲೇಜಿನ ಮೇಷ್ಟ್ರಿಗೆ ಹೇಳಿ, ಅವರನ್ನು ಸಂಪರ್ಕಿಸಲಿ.

ಈಗ ಬಿಡಿಸಿ ಹೇಳಬೇಕಾದ ಮಾತು. ದೇಶದಲ್ಲಿ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳು ಇಪ್ಪತ್ತಕ್ಕಿಂತ ಹೆಚ್ಚಿವೆ. ಬೋರ್ಡಿನಲ್ಲಿ ಎಲ್ಲಕ್ಕೂ ರಾಷ್ಟ್ರೀಯ ಅಂತಲೇ ಇರುತ್ತದೆ. ಆದರೆ ಲಾ ಫರ್ಮ್‌ಗಳ ಬಸ್ಸು ಎಲ್ಲ ಕಡೆ ನಿಲ್ಲುವುದಿಲ್ಲ. ಮೊದಲ ಹತ್ತರ ಆಚೆಗೆ ಹೆಸರಿನ ಲಾಭ ತೆಳುವಾಗುತ್ತಾ ಹೋಗುತ್ತದೆ, ಫೀಸು ಮಾತ್ರ ತೆಳುವಾಗುವುದಿಲ್ಲ. ದೂರದ ಯಾವುದೋ ರಾಜ್ಯದಲ್ಲಿ ಈಚೆಗೆ ಶುರುವಾದ ಕಾನೂನು ವಿಶ್ವವಿದ್ಯಾಲಯ, ಇನ್ನೊಂದು ಕಡೆ ಬೆಂಗಳೂರು ಅಥವಾ ಮೈಸೂರಿನ ಹಳೆಯ ಕಾನೂನು ಕಾಲೇಜು. ಹೈಕೋರ್ಟ್, ನ್ಯಾಯಮಂಡಳಿ, ಫರ್ಮ್ ಎಲ್ಲ ಬಸ್ಸಿನ ದೂರದಲ್ಲಿ. ನನ್ನ ಮಗಳಾಗಿದ್ದರೆ ನಾನು ಎರಡನೆಯದಕ್ಕೇ ಕಳಿಸುತ್ತಿದ್ದೆ. ಒಪ್ಪದವರು ಇದ್ದಾರೆ, ನನ್ನ ಆಫೀಸಿನಲ್ಲೇ ಇದ್ದಾರೆ.

ಫೈನಾನ್ಸ್‌ಗೆ ಬರೋಣ. ಇಲ್ಲಿ ಮೊದಲು ಒಂದು ಕಸ ಗುಡಿಸಬೇಕು. ಫೈನಾನ್ಸ್ ಅಂದ ಕೂಡಲೇ ಕೆಲವರ ತಲೆಯಲ್ಲಿ ಓಡುವುದು ಮೊಬೈಲಿನಲ್ಲಿ ನೋಡಿದ ಟ್ರೇಡಿಂಗ್. ಷೇರಿನ ಮುಂದಿನ ಬೆಲೆ ಮೇಲೆ ಪಂದ್ಯ ಕಟ್ಟುವಂಥ ಫ್ಯೂಚರ್ಸ್, ಆಪ್ಷನ್ಸ್ ವ್ಯವಹಾರ ಮಾಡಿದ ಸಾಮಾನ್ಯ ಜನರಲ್ಲಿ ಮೂರು ವರ್ಷದಲ್ಲಿ ಶೇ 93ರಷ್ಟು ಮಂದಿ ನಷ್ಟ ಮಾಡಿಕೊಂಡಿದ್ದಾರೆ ಅಂತ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರಲ್ಲಿ ಲೆಕ್ಕ ಕೊಟ್ಟಿದೆ. ಅದು ವೃತ್ತಿ ಅಲ್ಲ, ನಾನು ಆ ಬಗ್ಗೆ ಮಾತಾಡುವುದಿಲ್ಲ.

ಸಿಎ ಬಾಗಿಲಲ್ಲಿ ಕಾಲೇಜಿನ ಹೆಸರು ಲೆಕ್ಕಕ್ಕೇ ಇಲ್ಲ. ಪಿಯು ಆದ ಮೇಲೆ ಫೌಂಡೇಷನ್, ನಾಲ್ಕು ಪೇಪರ್. ಆಮೇಲೆ ಇಂಟರ್, ಆರು ಪೇಪರ್. ಎರಡು ವರ್ಷ ಆರ್ಟಿಕಲ್‌ಶಿಪ್, ಅಂದರೆ ಸಿಎ ಆಫೀಸಿನಲ್ಲಿ ತರಬೇತಿ, ಮೊದಲು ಮೂರು ವರ್ಷ ಇತ್ತು. ಕೊನೆಗೆ ಫೈನಲ್, ಎರಡು ಗ್ರೂಪ್ ಸೇರಿ ಮತ್ತೆ ಆರು ಪೇಪರ್. ಪರೀಕ್ಷೆ ವರ್ಷಕ್ಕೆ ಮೂರು ಸಲ ಬರುತ್ತದೆ. ಪ್ರತಿ ಪೇಪರ್‌ನಲ್ಲಿ 40, ಒಟ್ಟಾರೆ ಶೇ 50 ಬರಬೇಕು. ಕೇಳಲು ಸುಲಭ ಅಲ್ವಾ? ಈಚಿನ ವರ್ಷಗಳಲ್ಲಿ ಫೈನಲ್‌ನ ಎರಡೂ ಗ್ರೂಪ್ ಒಟ್ಟಿಗೆ ಬರೆದವರಲ್ಲಿ ಐದರಲ್ಲಿ ಒಬ್ಬರು ಪಾಸಾದರೆ ಒಳ್ಳೆಯ ಫಲಿತಾಂಶ ಅಂತ ಲೆಕ್ಕ. ಹಾಗಾಗಿ ಸಿಎಯೇ ಗುರಿ ಆದವರು ಕಾಲೇಜು ಆರಿಸುವ ರೀತಿಯೇ ಬೇರೆ. ಹಾಜರಾತಿಗೆ ಜೀವ ತಿನ್ನುವ, ವಾರಕ್ಕೊಂದು ಫೆಸ್ಟ್ ಮಾಡುವ ಪ್ರತಿಷ್ಠಿತ ಕಾಲೇಜು ನಿಮಗೆ ಅಡ್ಡಿಯಾಗಬಹುದು. ಬೆಳಗಿನ ತರಗತಿ ಮುಗಿಸಿ ಹತ್ತು ಗಂಟೆಗೆ ಆಡಿಟ್‌ಗೆ ಓಡುವ ಅವಕಾಶ ಇರುವ ಸಾಧಾರಣ ಬಿಕಾಂ ಕಾಲೇಜು ಲೇಸು. ಲಕ್ಷಗಟ್ಟಲೆ ಕೊಟ್ಟು ಹೆಸರಿನ ಕಾಲೇಜಿಗೆ ಸೇರಿ ಸಿಎಯನ್ನೂ ಮಾಡುತ್ತೇನೆ ಅನ್ನುವವರಿಗೆ ನಾನು ಕೇಳುವುದು, ಆ ಹೆಸರಿನಿಂದ ನಿಮಗೆ ಆಗುವ ಕೆಲಸ ಏನು ಅಂತ.

ಇನ್ನೊಂದು ಬಾಗಿಲು ಇನ್ವೆಸ್ಟ್‌ಮೆಂಟ್ ಬ್ಯಾಂಕ್, ಕನ್ಸಲ್ಟಿಂಗ್, ಫಂಡ್‌ಗಳದ್ದು. ಇಲ್ಲಿ ಹೆಸರು ಬಹಳ ನಡೆಯುತ್ತದೆ. ದೆಹಲಿಯ ಶ್ರೀರಾಮ್ ಕಾಲೇಜ್ ಆಫ್ ಕಾಮರ್ಸ್, ಸೇಂಟ್ ಸ್ಟೀಫನ್ಸ್, ಲೇಡಿ ಶ್ರೀರಾಮ್ ಇಂಥವು ಮೊದಲ ಸಾಲು. 2022ರಿಂದ ದೆಹಲಿ ವಿಶ್ವವಿದ್ಯಾಲಯಕ್ಕೆ ಸಿಯುಇಟಿ ಅನ್ನುವ ದೇಶಮಟ್ಟದ ಪರೀಕ್ಷೆಯ ಅಂಕದ ಮೇಲೆ ಪ್ರವೇಶ. ಕ್ಲಾಟ್ ಇಂಗ್ಲಿಷ್‌ನಲ್ಲಿ ಮಾತ್ರ, ಸಿಯುಇಟಿಯನ್ನು ಕನ್ನಡದಲ್ಲೂ ಬರೆಯಬಹುದು. ಮೊದಲಿನ ಹಾಗೆ ಶೇ 99 ಅಂಕದ ಕಟ್ಆಫ್ ಕಾಟ ಇಲ್ಲ. ಆದರೆ ಒಂದು ಗುಂಡಿ ಇದೆ. ಅಲ್ಲಿ ಎಕನಾಮಿಕ್ಸ್ ಆನರ್ಸ್‌ಗೆ ಗಣಿತ ಬೇಕೇ ಬೇಕು, ಅದನ್ನು ಪಿಯುನಲ್ಲೂ ಓದಿರಬೇಕು. ನಮ್ಮ ಕಾಮರ್ಸ್ ಮಕ್ಕಳಲ್ಲಿ ಗಣಿತ ಇಲ್ಲದ ಸಿಇಬಿಎ, ಎಚ್‌ಇಬಿಎ ತೆಗೆದುಕೊಂಡವರೇ ಜಾಸ್ತಿ. ಅವರಿಗೆ ಆ ದಾರಿ ಹದಿನಾರನೇ ವಯಸ್ಸಿನಲ್ಲೇ ಮುಚ್ಚಿರುತ್ತದೆ, ಯಾರೂ ಹೇಳಿರುವುದಿಲ್ಲ. ಬಿಕಾಂ ಆನರ್ಸ್‌ಗೆ ಅಕೌಂಟೆನ್ಸಿ ಮೇಲೂ ಹೋಗಬಹುದು, ಅದು ತೆರೆದೇ ಇದೆ. ಬೇಸಿಕ್ ಮ್ಯಾಥ್ಸ್ ಇರುವವರು ಅದನ್ನು ಗಣಿತ ಅಂತ ಒಪ್ಪುತ್ತಾರಾ ಅಂತ ಅರ್ಜಿಗೆ ಮುಂಚೆ ಮೇಲ್ ಬರೆದು ಕೇಳಿ, ಉತ್ತರ ಇಟ್ಟುಕೊಳ್ಳಿ. ಫಸ್ಟ್ ಪಿಯು ತಮ್ಮ ತಂಗಿ ಇದ್ದರೆ ಈ ಮಾತು ಅವರಿಗೆ ಇವತ್ತು ರಾತ್ರಿಯೇ ಹೇಳಿ.

ಐಐಎಂ ಇಂದೋರ್ 2011ರಿಂದ ಐಪಿಎಂ ಅನ್ನುವ ಐದು ವರ್ಷದ ಮ್ಯಾನೇಜ್ಮೆಂಟ್ ಕೋರ್ಸ್ ನಡೆಸುತ್ತಿದೆ. ಪಿಯು ಆದ ಕೂಡಲೇ ಸೇರಬಹುದು, ಐದನೇ ವರ್ಷಕ್ಕೆ ಎಂಬಿಎ ಕೈಯಲ್ಲಿ. ಗಣಿತದಲ್ಲಿ ಗಟ್ಟಿ ಇದ್ದವರಿಗೆ ಒಳ್ಳೆಯ ದಾರಿ. ಒಟ್ಟು ಖರ್ಚು 30 ಲಕ್ಷ ದಾಟುತ್ತದೆ. ಅವಸರ ಇಲ್ಲದವರಿಗೆ ಸುದೀರ್ಘ ದಾರಿಯೂ ಇದೆ. ಐಸಿಐಸಿಐ ಬ್ಯಾಂಕನ್ನು ಬೆಳೆಸಿದ ನಮ್ಮ ಮಂಗಳೂರಿನ ಕೆ.ವಿ. ಕಾಮತ್ ಓದಿದ್ದು ಸುರತ್ಕಲ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್, ಆಮೇಲೆ ಅಹಮದಾಬಾದ್ ಐಐಎಂ. ಈ ಬಾಗಿಲಿನ ವಿಶೇಷವೇ ಅದು. ಇಲ್ಲಿ ಕಾಲೇಜಿನ ಹೆಸರನ್ನು ಎರಡು ಸಲ ಕೇಳುತ್ತಾರೆ, ಮೊದಲ ಸಲ ತಪ್ಪಿದರೆ ಎಂಬಿಎ ಹೊತ್ತಿಗೆ ಇನ್ನೊಮ್ಮೆ ಅವಕಾಶ ಇರುತ್ತದೆ. ಎಂಬಿಎಗೆ ನಿಮ್ಮ ಬಿಕಾಂ ಇಲ್ಲೇ ಕುವೆಂಪು ವಿಶ್ವವಿದ್ಯಾಲಯದ್ದಾದರೂ ಐಐಎಂಗಳ ಪ್ರವೇಶ ಪರೀಕ್ಷೆ ಕ್ಯಾಟ್ ಬರೆಯಲು ಯಾರೂ ಬೇಡ ಅನ್ನುವುದಿಲ್ಲ.

ಲಾಗೂ ಹಾಗೆ ಎರಡನೇ ಸಲ ಇದೆ, ಇದನ್ನು ಮರೆಯುತ್ತೇವೆ. ಯಾವುದೇ ಪದವಿ ಆದ ಮೇಲೆ ಮೂರು ವರ್ಷದ ಎಲ್‌ಎಲ್‌ಬಿ ಮಾಡಬಹುದು. ನಾಗರಬಾವಿಯ ಲಾ ಸ್ಕೂಲೇ 2022ರಲ್ಲಿ ಮೂರು ವರ್ಷದ ಎಲ್‌ಎಲ್‌ಬಿ ಶುರು ಮಾಡಿದೆ, ಅದಕ್ಕೆ ಬೇರೆ ಪ್ರವೇಶ ಪರೀಕ್ಷೆ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬಿ.ವಿ. ನಾಗರತ್ನ ದೆಹಲಿಯಲ್ಲಿ ಇತಿಹಾಸದ ಪದವಿ ಓದಿ, ಆಮೇಲೆ ಅಲ್ಲಿನ ಕ್ಯಾಂಪಸ್ ಲಾ ಸೆಂಟರ್‌ನಲ್ಲಿ ಕಾನೂನು ಓದಿದವರು. ಆದ್ದರಿಂದ ಎರಡಕ್ಕೂ ಕೈ ಎತ್ತಿದವರಿಗೆ ನನ್ನ ಸಲಹೆ ನೇರವಾಗಿದೆ. ಕ್ಲಾಟ್‌ನಲ್ಲಿ ಮೇಲಿನ ಶಾಲೆ ಸಿಕ್ಕರೆ ಹೋಗಿ. ಸಿಗದಿದ್ದರೆ ಬಿಕಾಂ ಮಾಡಿ, ಲಾ ಆಮೇಲೆ. ಬಿಕಾಂ ಆದ ವಕೀಲರಿಗೆ ತೆರಿಗೆ, ಜಿಎಸ್‌ಟಿ, ದಿವಾಳಿ ಕಾಯ್ದೆಯ ಕೆಲಸದಲ್ಲಿ ಇರುವ ಅನುಕೂಲ ಬಿಎ ಆದವರಿಗೆ ಇರುವುದಿಲ್ಲ. ಲೆಕ್ಕದ ಪುಸ್ತಕ ಕಂಡರೆ ಹೆದರುವ ವಕೀಲರು ನಮ್ಮಲ್ಲಿ ತುಂಬಾ ಇದ್ದಾರೆ, ನಿಮಗೆ ಕೆಲಸ ಸಿಗುವುದು ಅವರಿಂದಲೇ.

ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ತೀರ್ಥಹಳ್ಳಿ ಕಡೆಯವಳು, ಅಡಿಕೆ ತೋಟದ ಮನೆ, ಆದಾಯ ಅಷ್ಟಕ್ಕಷ್ಟೆ. ಅವಳ ಕೈಯಲ್ಲಿ ಮೂರು ಪ್ರವೇಶ ಪತ್ರ ಇವೆ. ಹೊಸದೊಂದು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ, ಐದು ವರ್ಷಕ್ಕೆ ಹಾಸ್ಟೆಲ್ ಸೇರಿ 15 ಲಕ್ಷದ ಹತ್ತಿರ. ದೆಹಲಿಯ ಶ್ರೀರಾಮ್ ಕಾಲೇಜಿನ ಬಿಕಾಂ ಆನರ್ಸ್, ಫೀಸು ಕಮ್ಮಿ, ಆದರೆ ಅಲ್ಲಿ ಇರುವ ಖರ್ಚು ಜಾಸ್ತಿ. ಬೆಂಗಳೂರಿನ ಒಂದು ಬಿಕಾಂ, ಜೊತೆಗೆ ಸಿಎ. ಅವಳಿಗೆ ಕೋರ್ಟಿನಲ್ಲಿ ವಾದ ಮಾಡುವ ಆಸೆ. ಎಲ್ಲರೂ ಮೊದಲನೆಯದು ಅನ್ನುತ್ತಾರೆ. ಲಾ ತಾನೇ ಬೇಕಿದ್ದು ಅಂತ. ನಾನು ಅದನ್ನು ಮೊದಲು ತೆಗೆದುಹಾಕುತ್ತೇನೆ. ಏಕೆಂದರೆ 15 ಲಕ್ಷ ಸಾಲ ಮಾಡಿ ಹೊರಗೆ ಬಂದವಳಿಗೆ ತಿಂಗಳ ಕಂತು ಕಟ್ಟಬೇಕು. ಹತ್ತು ಹದಿನೈದು ಸಾವಿರಕ್ಕೆ ಸೀನಿಯರ್ ಹತ್ತಿರ ಸೇರಲು ಅವಳಿಗೆ ಆಗುವುದಿಲ್ಲ. ಸಂಬಳ ಬರುವ ಯಾವುದೋ ಕಂಪನಿಯ ಕಾಂಟ್ರ್ಯಾಕ್ಟ್ ತಿದ್ದುವ ಕೆಲಸಕ್ಕೆ ಹೋಗುತ್ತಾಳೆ. ಕೋರ್ಟಿಗೋಸ್ಕರ ಮಾಡಿದ ಸಾಲವೇ ಅವಳನ್ನು ಕೋರ್ಟಿನಿಂದ ದೂರ ಇಡುತ್ತದೆ. ಇದು ಪೋಷಕರು ಬಹಳ ಯೋಚಿಸಬೇಕಾದ ಲೆಕ್ಕ. ಕಂತು ಎಷ್ಟು ಅನ್ನುವುದು ಮಗುವಿನ ಮೊದಲ ಕೆಲಸ ಯಾವುದು ಅಂತ ತೀರ್ಮಾನ ಮಾಡುತ್ತದೆ. ಲಾ ಫರ್ಮ್ ಅಥವಾ ಬ್ಯಾಂಕ್ ಬೇಕು ಅನ್ನುವವರು ಸಾಲ ಮಾಡಬಹುದು, ಅಲ್ಲಿನ ಸಂಬಳ ಅದನ್ನು ತಡೆಯುತ್ತದೆ. ಕೋರ್ಟ್ ಬೇಕು ಅನ್ನುವವರು ಸಾಧ್ಯವಾದಷ್ಟು ಸಾಲ ಇಲ್ಲದೆ ಓದಬೇಕು.

ಉಳಿದ ಎರಡರಲ್ಲಿ? ನಾನು ದೆಹಲಿ ಅನ್ನುತ್ತೇನೆ. ಮೂರು ವರ್ಷದ ಮೇಲೂ ಆಸೆ ಹಾಗೇ ಇದ್ದರೆ ಅಲ್ಲೇ ಕ್ಯಾಂಪಸ್ ಲಾ ಸೆಂಟರ್ ಇದೆ, ಇಲ್ಲಿ ಬಂದರೆ ಹುಬ್ಬಳ್ಳಿ ವಿಶ್ವವಿದ್ಯಾಲಯದ ಕಾಲೇಜುಗಳಿವೆ. ಆಸೆ ಬದಲಾದರೆ ಶ್ರೀರಾಮ್ ಕಾಲೇಜಿನ ಹೆಸರಿಗೆ ಬೆಲೆ ಕೊಡುವ ಬಾಗಿಲುಗಳು ಇವೆ. ಅವಳಿಗೆ ಸಿಎಯೇ ಬೇಕು ಅನ್ನಿಸಿದರೆ ಮಾತ್ರ ಮೂರನೆಯದು.

ಸಾಲ ಬೇಕೇ ಆದರೆ 2024ರ ಕೊನೆಯಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ನೋಡಿ. ಪಟ್ಟಿಯಲ್ಲಿರುವ ಉತ್ತಮ ಸಂಸ್ಥೆಗಳಿಗೆ ಸೇರಿದರೆ ಅಡಮಾನ, ಜಾಮೀನು ಇಲ್ಲದೆ ಸಾಲ ಸಿಗುತ್ತದೆ. ಮನೆಯ ಆದಾಯ ವರ್ಷಕ್ಕೆ 8 ಲಕ್ಷದವರೆಗೆ ಇದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3 ಬಡ್ಡಿ ಸಹಾಯ ಇದೆ. ತೋಟ ಅಡ ಇಡುವ ಮುಂಚೆ ಇದನ್ನು ಕೇಳಿ.

ಹಿಂದಿನ ಸಾಲಿನಿಂದ ಒಂದು ಚೀಟಿ ಬಂದಿದೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಕ್ಲಾಟ್ ಬರೆಯಬಹುದಾ ಅಂತ. ಬರೆಯಬಹುದು. ಆದರೆ ಕೋಚಿಂಗಿಗೆ ದುಡ್ಡು ಸುರಿಯುವ ಮುಂಚೆ ಒಂದು ಕೆಲಸ ಮಾಡಿ. ದಿನಾ ಒಂದು ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯವನ್ನು ಗಡಿಯಾರ ಇಟ್ಟುಕೊಂಡು ಓದಿ, ಓದಿದ್ದನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆಯಿರಿ. ಮೂರು ತಿಂಗಳಾದ ಮೇಲೆ ಹಳೆಯ ಪ್ರಶ್ನೆಪತ್ರಿಕೆ ತೆಗೆದು ನೋಡಿ. ಎರಡು ಗಂಟೆಯಲ್ಲಿ ಮುಗಿಯುತ್ತದಾ ಇಲ್ಲವಾ ಅಂತ ನಿಮಗೇ ಗೊತ್ತಾಗುತ್ತದೆ. ಮುಗಿಯದಿದ್ದರೆ ಮೂರು ವರ್ಷದ ಎಲ್‌ಎಲ್‌ಬಿ ದಾರಿ ಇದೆ ಅಂದೆನಲ್ಲ.

ಇನ್ನೊಂದು ಚೀಟಿ. ಯಾವುದು ಇಷ್ಟ ಅಂತಲೇ ಗೊತ್ತಾಗುತ್ತಿಲ್ಲ, ಏನು ಮಾಡಲಿ? ಒಂದು ದಿನ ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ. ಕೋರ್ಟಿನ ಹಾಲ್ ಯಾರಿಗೂ ತೆರೆದಿರುತ್ತದೆ, ಮೊಬೈಲ್ ಮಾತ್ರ ಆಫ್ ಮಾಡಿ. ಹೈಕೋರ್ಟಿನ ಕಲಾಪ ಯೂಟ್ಯೂಬಿನಲ್ಲಿ ನೇರ ಬರುತ್ತದೆ, ಅದನ್ನೂ ನೋಡಿ. ಇನ್ನೊಂದು ದಿನ ಕರ್ಣಾಟಕ ಬ್ಯಾಂಕಿನ ವಾರ್ಷಿಕ ವರದಿಯನ್ನು ಅವರ ವೆಬ್‌ಸೈಟಿನಿಂದ ಇಳಿಸಿಕೊಳ್ಳಿ. ಮುಂದಿನ ಬಣ್ಣದ ಪುಟಗಳನ್ನು ಬಿಟ್ಟು ಹಿಂದಿನ ಲೆಕ್ಕದ ಟಿಪ್ಪಣಿಗಳನ್ನು ಓದಿ. ಬ್ಯಾಂಕು ಕೊಟ್ಟ ಸಾಲದಲ್ಲಿ ಎಷ್ಟು ವಾಪಸ್ ಬರುತ್ತಿಲ್ಲ ಅಂತ ಹುಡುಕಿ, ಹಿಂದಿನ ವರ್ಷ ಎಷ್ಟಿತ್ತು ನೋಡಿ, ಯಾಕೆ ಬದಲಾಯಿತು ಅಂತ ಯೋಚಿಸಿ. ಎರಡರಲ್ಲಿ ಯಾವುದನ್ನು ಬಿಟ್ಟು ಏಳಲು ಮನಸ್ಸಾಗಲಿಲ್ಲ ಅಂತ ಬರೆದಿಟ್ಟುಕೊಳ್ಳಿ. ಕ್ಲಾಟ್ ಅರ್ಜಿ ಮುಗಿಯುವ ಮುಂಚೆ ಎರಡೂ ಮಾಡಿ.